ಹೆರಿಗೆ ಕೋಣೆಯ ಆ ಒಂದು ಹಾಳೆ: ಕೇಳಿ, ನೋಡಿ, ನಾಚಬೇಡಿ



ಹೃದಯದ ಡಾಕ್ಟರು ಹೆರಿಗೆಯ ಬಗ್ಗೆ ಯಾಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನ್ನಿಸಬಹುದು. ಈ ಸರಣಿಯಲ್ಲಿ ನಾನು ಇದುವರೆಗೆ ಬರೆದದ್ದು ಬಿ.ಪಿ., ಎದೆನೋವು, ಕೊಲೆಸ್ಟರಾಲ್ ಇಂಥವುಗಳ ಬಗ್ಗೆ. ಆದರೆ ಹೃದ್ರೋಗ ತಜ್ಞನನ್ನು ಹೆರಿಗೆ ಕೋಣೆಗೂ ಕರೆಯುತ್ತಾರೆ. ಹೆಚ್ಚಾಗಿ ಮಧ್ಯರಾತ್ರಿ ಕರೆಯುತ್ತಾರೆ, ಹೆಚ್ಚಾಗಿ ತಡವಾಗಿ ಕರೆಯುತ್ತಾರೆ. ಅಂಥ ಒಂದು ರಾತ್ರಿಯ ಮಾತಿನಿಂದಲೇ ಶುರು ಮಾಡುತ್ತೇನೆ.

ನಾನು ಮುಂಬೈಗೆ ಬಂದು ಹದಿನೆಂಟು ವರ್ಷಗಳಾದವು. ಕೆಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯಿಂದ ರಾತ್ರಿ ಎರಡು ಗಂಟೆಗೆ ಫೋನ್ ಬಂತು. ಹೆರಿಗೆಯಾಗಿ ಅರ್ಧ ಗಂಟೆ, ತಾಯಿಗೆ ಉಸಿರಾಡಲು ಆಗುತ್ತಿಲ್ಲ ಎಂದರು. ಹೋಗಿ ನೋಡಿದರೆ ಇಪ್ಪತ್ತೆರಡು ವರ್ಷದ ಹುಡುಗಿ. ಕಲಬುರಗಿ ಕಡೆಯವಳು, ಗಂಡ ಕಟ್ಟಡದ ಕೆಲಸಗಾರ. ಬಾಯಲ್ಲಿ ನೊರೆ, ತುಟಿ ನೀಲಿ. ಮಣಿಕಟ್ಟು ಹಿಡಿದು ಎಣಿಸಿದೆ. ನಾಡಿ ನಿಮಿಷಕ್ಕೆ 140.

ಅವಳ ಕೇಸ್ ಪೇಪರ್ ತೆಗೆದು ನೋಡಿದೆ. ಒಂಬತ್ತು ಗಂಟೆ ಹೆರಿಗೆ ನೋವು ತಿಂದಿದ್ದಾಳೆ. ಅರ್ಧ ಗಂಟೆಗೊಮ್ಮೆ ನಾಡಿ ನೋಡಿ ಬರೆದಿರಬೇಕು. ಬರೆದೂ ಇದ್ದರು. 84, 84, 84, 84... ಹದಿನೆಂಟು ಸಲ 84. ಎಲ್ಲವೂ ಒಂದೇ ಪೆನ್ನು, ಒಂದೇ ಕೈಬರಹ, ಒಂದೇ ಓರೆ. ಮಧ್ಯದಲ್ಲಿ ಡ್ಯೂಟಿ ಬದಲಾಗಿತ್ತು, ಸಿಸ್ಟರ್ ಬದಲಾಗಿದ್ದರು, ಆದರೆ ಕೈಬರಹ ಬದಲಾಗಿರಲಿಲ್ಲ. ಅಂದರೆ ಎಲ್ಲ ಮುಗಿದ ಮೇಲೆ ಒಟ್ಟಿಗೆ ಕೂತು ತುಂಬಿಸಿದ ಹಾಳೆ ಅದು.

ಅವಳಿಗೆ ಚಿಕ್ಕಂದಿನಲ್ಲಿ ಕೀಲು ನೋವು, ಜ್ವರ ಬಂದು ಹೃದಯದ ಒಂದು ಕವಾಟ ಕಿರಿದಾಗಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ. ಇಂಥ ಹೃದಯಕ್ಕೆ ನಾಡಿಯ ವೇಗ ಹೆಚ್ಚಾದರೆ ರಕ್ತ ಮುಂದೆ ಹೋಗಲು ಸಮಯ ಸಾಲದೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮಗು ಹೊರಬಂದ ಕೂಡಲೇ ಗರ್ಭಕೋಶ ಹಿಂಡಿಕೊಂಡು ಅಲ್ಲಿದ್ದ ರಕ್ತವೆಲ್ಲ ಹೃದಯದ ಕಡೆ ಹಿಂತಿರುಗುತ್ತದೆ. ಅದೇ ಹೊತ್ತಿಗೆ ಅವಳು ಕುಸಿದದ್ದು.

ಆ ಹುಡುಗಿ ಬದುಕಿದಳು. ಆಮ್ಲಜನಕ, ನೀರು ಇಳಿಸುವ ಇಂಜೆಕ್ಷನ್, ನಾಡಿ ಇಳಿಸುವ ಔಷಧ ಕೊಟ್ಟೆವು. ಕೆಲವು ವಾರಗಳ ನಂತರ ಬಲೂನಿನಿಂದ ಕವಾಟ ಅಗಲ ಮಾಡಿದೆವು. ಮರುದಿನ ಅವಳು ನನ್ನ ಕನ್ನಡ ಕೇಳಿ ಅತ್ತಳು. ಆಮೇಲೆ ಹೇಳಿದಳು: "ಸಂಜಿಯಿಂದ ಹೇಳಲಿಕ್ಕತ್ತಿದ್ದೆ ಸಾಹೇಬ್ರ, ಎದಿ ಹಾರಲಿಕ್ಕತ್ತದ, ಮಕ್ಕೊಂಡ್ರ ದಮ್ಮ ಹತ್ತಲಿಕ್ಕತ್ತದ ಅಂತ. ಯಾರೂ ಕೇಳಲಿಲ್ಲ."

ಮಲಗಿದರೆ ದಮ್ಮು. ಕನ್ನಡ ಬಲ್ಲ ಯಾವ ಡಾಕ್ಟರಿಗಾದರೂ ಈ ಎರಡು ಪದ ಸಾಕು, ಹೃದಯ ನೋಡಬೇಕು ಎಂದು ಗೊತ್ತಾಗಲು. ಆದರೆ ಆ ಸಿಸ್ಟರಿಗೆ ಕೇಳಿಸಿದ್ದು "ದಮ್" ಎಂಬ ಒಂದೇ ಪದ. ಹಿಂದಿಯಲ್ಲಿ ಹೆರಿಗೆ ಕೋಣೆಯಲ್ಲಿ "ದಮ್ ಲಗಾವ್" ಎಂದರೆ ಜೋರಾಗಿ ಮುಕ್ಕು ಎಂದು ಅರ್ಥ. "ಹಾಂ ಹಾಂ, ದಮ್ ಲಗಾವ್" ಎಂದು ಅವರು ಧೈರ್ಯ ಹೇಳಿದ್ದಾರೆ, ಪಾಪ. ಅವರು ಕೆಟ್ಟವರಲ್ಲ. ಆ ರಾತ್ರಿ ಒಬ್ಬರೇ ಆರು ಮಂದಿಯನ್ನು ನೋಡುತ್ತಿದ್ದರು.

ಆ ದಿನದಿಂದ ನನಗೆ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಅದನ್ನು ನಿಮಗೆ ಹೇಳಲು ಈ ಲೇಖನ. *ಹೆರಿಗೆಯಲ್ಲಿ ತಾಯಿ ಮಗುವನ್ನು ಉಳಿಸುವ ಅತಿ ಅಗ್ಗದ ಸಾಧನ ಒಂದು ಹಾಳೆ. ಅದನ್ನು ಹೊತ್ತುಹೊತ್ತಿಗೆ ಪ್ರಾಮಾಣಿಕವಾಗಿ ತುಂಬಿಸುತ್ತಿದ್ದಾರೆಯೇ ಎಂದು ಕೇಳುವುದು ಮನೆಯವರ ಹಕ್ಕು, ಕರ್ತವ್ಯ ಕೂಡ.*

*ಯಾವುದು ಈ ಹಾಳೆ?*

ಇದರ ಹೆಸರು ಪಾರ್ಟೋಗ್ರಾಫ್. ಕ್ರಿಕೆಟ್ ಸ್ಕೋರ್ ಬೋರ್ಡ್ ಇದ್ದ ಹಾಗೆ ಎಂದುಕೊಳ್ಳಿ. ಎಷ್ಟು ಓವರ್ ಆಯಿತು, ಎಷ್ಟು ರನ್ ಬಂತು, ಇನ್ನೆಷ್ಟು ಬೇಕು ಎಂದು ಒಂದು ನೋಟಕ್ಕೆ ತಿಳಿಯಬೇಕು. ಇಲ್ಲಿ ಒಂದು ಕಡೆ ಗಂಟೆಗಳು, ಇನ್ನೊಂದು ಕಡೆ ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದೆ ಎಂಬ ಲೆಕ್ಕ. ಪೂರ್ತಿ ತೆರೆದರೆ 10 ಸೆಂಟಿಮೀಟರ್. ಅದೇ ಹಾಳೆಯಲ್ಲಿ ಇನ್ನೂ ಇಷ್ಟು ವಿಷಯ ಇರುತ್ತದೆ:

• ಮಗುವಿನ ಎದೆಬಡಿತ. ನಿಮಿಷಕ್ಕೆ 110ರಿಂದ 160ರ ಒಳಗೆ ಇರಬೇಕು. ನೋವು ಚೆನ್ನಾಗಿ ಹಿಡಿದ ಮೇಲೆ 15ರಿಂದ 30 ನಿಮಿಷಕ್ಕೊಮ್ಮೆ, ಮುಕ್ಕುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ ಕೇಳಬೇಕು.

• ನೋವು. 10 ನಿಮಿಷದಲ್ಲಿ ಎಷ್ಟು ಸಲ ಬಂತು, ಒಂದೊಂದೂ ಎಷ್ಟು ಸೆಕೆಂಡ್ ಇತ್ತು. 10 ನಿಮಿಷದಲ್ಲಿ 5ಕ್ಕಿಂತ ಹೆಚ್ಚಾದರೆ ಮಗುವಿಗೆ ಉಸಿರು ಸಾಲದು.

• ನೆತ್ತಿ ನೀರಿನ ಬಣ್ಣ. ತಿಳಿಯಾಗಿದೆಯೇ, ಹಸಿರಾಗಿದೆಯೇ, ರಕ್ತ ಬೆರೆತಿದೆಯೇ.

• ಮಗುವಿನ ತಲೆ ಎಷ್ಟು ಕೆಳಗೆ ಇಳಿದಿದೆ.

• ತಾಯಿಯ ನಾಡಿ, ಬಿ.ಪಿ., ಜ್ವರ, ಮೂತ್ರ.

• ನೋವು ಬರಿಸುವ ಡ್ರಿಪ್ ಹಾಕಿದ್ದರೆ ಯಾವಾಗ, ಎಷ್ಟು ಹನಿ.

ಒಳಗೆ ಕೈ ಹಾಕಿ ಪರೀಕ್ಷೆ ಮಾಡುವುದು ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಸಾಕು. ಬಂದವರೆಲ್ಲ ಒಂದೊಂದು ಸಲ ನೋಡುವುದು ಬೇಡ. ಅದರಿಂದ ಸೋಂಕಿನ ಭಯ, ತಾಯಿಗೆ ಹಿಂಸೆ.

*ಇದು ದೊಡ್ಡ ಆಸ್ಪತ್ರೆಯ ಶೋಕಿ ಅಲ್ಲ*

1950ರ ದಶಕದಲ್ಲಿ ನ್ಯೂಯಾರ್ಕಿನ ಎಮ್ಯಾನುಯೆಲ್ ಫ್ರೀಡ್‌ಮನ್ ಎಂಬ ವೈದ್ಯರು ಮೊದಲ ಬಾರಿಗೆ ಹೆರಿಗೆಯನ್ನು ಗ್ರಾಫ್ ಹಾಳೆಯ ಮೇಲೆ ಗೆರೆಯಾಗಿ ಬರೆದರು. ಆದರೆ ನಮಗೆ ಬೇಕಾದ ಹಾಳೆ ಹುಟ್ಟಿದ್ದು ಆಫ್ರಿಕಾದಲ್ಲಿ. 1972ರಲ್ಲಿ, ಆಗಿನ ರೊಡೇಷಿಯಾ, ಅಂದರೆ ಈಗಿನ ಜಿಂಬಾಬ್ವೆಯಲ್ಲಿ, ಫಿಲ್ಪಾಟ್ ಮತ್ತು ಕ್ಯಾಸಲ್ ಎಂಬ ಇಬ್ಬರು ಆ ಗ್ರಾಫಿನ ಮೇಲೆ ಎರಡು ಗೆರೆ ಎಳೆದರು. ಒಂದು ಎಚ್ಚರಿಕೆಯ ಗೆರೆ. ನಾಲ್ಕು ಗಂಟೆ ಆಚೆಗೆ ಇನ್ನೊಂದು, ಈಗ ಏನಾದರೂ ಮಾಡಲೇಬೇಕು ಎಂಬ ಗೆರೆ. ಅಲ್ಲಿನ ಹಳ್ಳಿ ಕ್ಲಿನಿಕ್‌ಗಳಲ್ಲಿ ಡಾಕ್ಟರ್ ಇರಲಿಲ್ಲ, ದಾದಿಯರಷ್ಟೇ. ಹೆರಿಗೆ ಎಚ್ಚರಿಕೆಯ ಗೆರೆ ದಾಟಿದರೆ ದೊಡ್ಡ ಆಸ್ಪತ್ರೆಗೆ ಗಾಡಿ ಹತ್ತಿಸಬೇಕು. ದಾರಿಯಲ್ಲಿ ಹೋಗುವ ಸಮಯಕ್ಕೆಂದೇ ಆ ನಾಲ್ಕು ಗಂಟೆ.

ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಇಂಡೋನೇಷ್ಯಾ, ಮಲೇಷ್ಯಾ, ಥಾಯ್ಲೆಂಡಿನಲ್ಲಿ 35,000ಕ್ಕೂ ಹೆಚ್ಚು ಹೆರಿಗೆಗಳಲ್ಲಿ ಪರೀಕ್ಷಿಸಿತು. ಫಲಿತಾಂಶ 1994ರಲ್ಲಿ ಬಂತು. ಹದಿನೆಂಟು ಗಂಟೆ ಮೀರುವ ಹೆರಿಗೆಗಳು ನೂರಕ್ಕೆ 6.4ರಿಂದ 3.4ಕ್ಕೆ ಇಳಿದವು. ನೋವು ಬರಿಸುವ ಔಷಧದ ಬಳಕೆ 20.7ರಿಂದ 9.1ಕ್ಕೆ ಇಳಿಯಿತು. ತುರ್ತು ಸಿಸೇರಿಯನ್ 9.9ರಿಂದ 8.3ಕ್ಕೆ, ಸತ್ತು ಹುಟ್ಟುವ ಮಕ್ಕಳು 0.5ರಿಂದ 0.3ಕ್ಕೆ. ಹೊಸ ಯಂತ್ರವಿಲ್ಲ, ಹೊಸ ಔಷಧವಿಲ್ಲ. ಹಾಳೆ, ಪೆನ್ನು, ಮತ್ತು ಗೆರೆ ದಾಟಿದರೆ ಏನು ಮಾಡಬೇಕು ಎಂಬ ಒಪ್ಪಂದ.

*ಹಾಳೆಯೂ ತಪ್ಪಾಗಿತ್ತು, ತಿದ್ದಿದ್ದಾರೆ*

ಬರೀ ಹೊಗಳಿದರೆ ಅರ್ಧ ಸತ್ಯ ಹೇಳಿದಂತೆ. ಹಳೆಯ ಹಾಳೆ ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಬೇಕು ಎಂದು ಹೇಳುತ್ತಿತ್ತು. ಆರೋಗ್ಯವಂತ ಹೆಣ್ಣುಮಕ್ಕಳಲ್ಲೂ ಬಹಳ ಮಂದಿ, ಅದರಲ್ಲೂ ಚೊಚ್ಚಲ ಬಸುರಿಯರು, ಅಷ್ಟು ಬೇಗ ತೆರೆಯುವುದಿಲ್ಲ. "ಮುಂದುವರಿಯುತ್ತಿಲ್ಲ" ಎಂದು ಬರೆದು ಅನಗತ್ಯವಾಗಿ ಡ್ರಿಪ್ ಹಾಕಿದ್ದೂ ಉಂಟು, ಹೊಟ್ಟೆ ಕುಯ್ದದ್ದೂ ಉಂಟು.

2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ತಿದ್ದಿತು. ನಿಜವಾದ ಹೆರಿಗೆ ವೇಗ ಹಿಡಿಯುವುದು 5 ಸೆಂಟಿಮೀಟರಿನ ನಂತರ ಎಂದಿತು. ಅಲ್ಲಿಂದ ಮುಂದೆ ಚೊಚ್ಚಲಿಗೆ 12 ಗಂಟೆವರೆಗೆ, ನಂತರದ ಹೆರಿಗೆಗೆ 10 ಗಂಟೆವರೆಗೆ ಹಿಡಿಯಬಹುದು. 2020ರಲ್ಲಿ ಹೊಸ ಹಾಳೆಯೂ ಬಂತು, ಅದರ ಹೆಸರು ಲೇಬರ್ ಕೇರ್ ಗೈಡ್. ಇದರಲ್ಲಿ ಓರೆ ಗೆರೆಗಳಿಲ್ಲ. ಒಂದೊಂದು ಸೆಂಟಿಮೀಟರಿಗೂ ಬೇರೆ ಬೇರೆ ಸಮಯದ ಮಿತಿ ಇದೆ. 5ರಲ್ಲಿ 6 ಗಂಟೆ ನಿಂತರೆ ಎಚ್ಚರ, 6ರಲ್ಲಿ 5 ಗಂಟೆ, 7ರಲ್ಲಿ 3 ಗಂಟೆ, 8ರಲ್ಲಿ ಎರಡೂವರೆ ಗಂಟೆ, 9ರಲ್ಲಿ 2 ಗಂಟೆ. ನನಗೆ ಇಷ್ಟವಾದ ಇನ್ನೊಂದು ಬದಲಾವಣೆ ಏನೆಂದರೆ, ತಾಯಿಯ ಜೊತೆ ಯಾರಾದರೂ ಇದ್ದಾರೆಯೇ, ನೀರು ಕುಡಿದಳೇ, ನೋವಿಗೆ ಏನಾದರೂ ಕೊಟ್ಟಿರಾ, ಎದ್ದು ಓಡಾಡಿದಳೇ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಬೇಕು.

ಈ ಹೊಸ ಹಾಳೆಯನ್ನು ನಮ್ಮ ಕರ್ನಾಟಕದ ನಾಲ್ಕು ಆಸ್ಪತ್ರೆಗಳಲ್ಲಿ ಪ್ರಯೋಗ ಮಾಡಿ ನೋಡಿದ್ದಾರೆ. ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ತೊಡಕಿಲ್ಲದೆ ನೋವು ತಾನಾಗಿ ಶುರುವಾದ ಚೊಚ್ಚಲ ಹೆರಿಗೆಗಳಲ್ಲಿ ಸಿಸೇರಿಯನ್ ನೂರಕ್ಕೆ ಸುಮಾರು 45ರಿಂದ 40ಕ್ಕೆ ಇಳಿಯಿತು. ಆದರೆ ಲೆಕ್ಕಶಾಸ್ತ್ರದ ಪ್ರಕಾರ ಈ ಇಳಿಕೆ ಖಚಿತ ಎನ್ನುವಂತಿಲ್ಲ. ಹಾಳೆಯಿಂದ ಎಲ್ಲ ಸರಿಹೋಗುತ್ತದೆ ಎಂದು ಸಾಧಿಸಿ ತೋರಿಸಿಲ್ಲ. ಹಿಂದಿನ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗಲೂ ಹಾಳೆ ಇಟ್ಟ ಮಾತ್ರಕ್ಕೆ ಸಿಸೇರಿಯನ್ ಕಡಿಮೆಯಾಗುತ್ತದೆ ಎಂಬುದು ಸ್ಪಷ್ಟವಾಗಿಲ್ಲ.

ಹಾಗಾದರೆ ಯಾಕೆ ಇಷ್ಟು ಹೇಳುತ್ತಿದ್ದೇನೆ? ಕಾರಣ ಸರಳ. ಥರ್ಮಾಮೀಟರ್ ಜ್ವರ ಇಳಿಸುವುದಿಲ್ಲ. ಹಾಗೆಂದು ಥರ್ಮಾಮೀಟರ್ ಇಲ್ಲದ ವಾರ್ಡಿಗೆ ನೀವು ಮಗುವನ್ನು ಸೇರಿಸುತ್ತೀರಾ? ಹಾಳೆ ಕೆಲಸ ಮಾಡುವುದು ಅದನ್ನು ನೋಡಿ ಯಾರಾದರೂ ಎದ್ದು ನಿಂತಾಗ. ಐ.ಸಿ.ಯು.ನಲ್ಲಿ ನಾವು ಗಂಟೆಗಂಟೆಗೆ ಬರೆಯುವ ಚಾರ್ಟ್ ಇಲ್ಲದೆ ಒಬ್ಬ ಹೃದ್ರೋಗಿಯನ್ನೂ ಇಟ್ಟುಕೊಳ್ಳುವುದಿಲ್ಲ. ಹೆರಿಗೆ ಕೋಣೆಯಲ್ಲಿ ಎರಡು ಜೀವ ಇರುವಾಗ ಅಷ್ಟೂ ಬೇಡವೇ?

*ಸೂಲಗಿತ್ತಿ ಎದ್ದು ಹೋಗುತ್ತಿರಲಿಲ್ಲ*

ನಮ್ಮ ಅಜ್ಜಿಯರ ಕಾಲದಲ್ಲಿ ಹಾಳೆ ಎಲ್ಲಿತ್ತು ಎಂದು ಕೇಳುವವರಿದ್ದಾರೆ. ನಿಜ, ಇರಲಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿದರು, 2018ರಲ್ಲಿ ಪದ್ಮಶ್ರೀ ಪಡೆದರು. ಅಕ್ಷರ ಬಾರದಿದ್ದರೂ ಅವರಂಥವರ ಕೈಯಲ್ಲಿ ಒಂದು ದೊಡ್ಡ ಗುಣ ಇತ್ತು. ಒಬ್ಬ ಬಸುರಿಗೆ ಒಬ್ಬ ಸೂಲಗಿತ್ತಿ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮಗು ಹುಟ್ಟುವವರೆಗೂ ಕದಲುತ್ತಿರಲಿಲ್ಲ. ಆದರೆ ರಕ್ತಸ್ರಾವವಾದರೆ, ಮಗು ಅಡ್ಡ ಸಿಕ್ಕಿಕೊಂಡರೆ ಅವರ ಕೈಯಲ್ಲೂ ಉಪಾಯವಿರಲಿಲ್ಲ. ಹಾಗೆ ತೀರಿಕೊಂಡ ಅಜ್ಜಿಯರ ಲೆಕ್ಕ ಯಾರೂ ಇಟ್ಟಿಲ್ಲ. ನಮ್ಮ ಮುತ್ತಜ್ಜಿಯೂ ಅವರಲ್ಲಿ ಒಬ್ಬರು.

ಆಸ್ಪತ್ರೆಯಲ್ಲಿ ಉಪಾಯವಿದೆ, ರಕ್ತವಿದೆ, ಆಪರೇಷನ್ ಇದೆ. ಇಲ್ಲದ್ದು ಕದಲದೆ ಕೂರುವ ಒಬ್ಬ ಮನುಷ್ಯ. ಎಂಟು ಗಂಟೆಗೆ ಡ್ಯೂಟಿ ಬದಲಾಗುತ್ತದೆ. ಬೆಳಗಿನ ಸಿಸ್ಟರಿಗೆ ಗೊತ್ತಿದ್ದದ್ದು ಸಂಜೆಯ ಸಿಸ್ಟರಿಗೆ ಗೊತ್ತಾಗಬೇಕಾದರೆ ಅದು ಹಾಳೆಯ ಮೇಲೆ ಇರಬೇಕು. ಆ ಹುಡುಗಿಯ ನಾಡಿ ಸಂಜೆ 96, ರಾತ್ರಿ 110, ಆಮೇಲೆ 124 ಎಂದು ಯಾರಾದರೂ ನಿಜವಾಗಿ ಬರೆದಿದ್ದರೆ, ಆ ಏರುಗೆರೆ ನೋಡಿದ ಯಾರೇ ಆದರೂ ನನಗೆ ನಾಲ್ಕು ಗಂಟೆ ಮೊದಲೇ ಫೋನ್ ಮಾಡುತ್ತಿದ್ದರು. ಭಾಷೆ ಬಾರದಿದ್ದರೂ ಗೆರೆ ಮಾತಾಡುತ್ತಿತ್ತು.

*ಸಿಸೇರಿಯನ್ ಜಗಳಕ್ಕೂ ಇದೇ ಉತ್ತರ*

ನಮ್ಮ ಗ್ರೂಪುಗಳಲ್ಲಿ ಎರಡು ಬಗೆಯ ಮೆಸೇಜ್ ಬರುತ್ತವೆ. ಒಂದು, "ಸಿಸೇರಿಯನ್ ಎಲ್ಲ ದುಡ್ಡಿನ ಆಟ." ಇನ್ನೊಂದು, "ಡಾಕ್ಟರ್ ಕಾಯಿಸಿ ಕಾಯಿಸಿ ಮಗುವನ್ನು ಕೊಂದರು." ಎರಡರಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಇದೆ, ಎರಡೂ ಪೂರ್ತಿ ಸತ್ಯವಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರು ಹೆರಿಗೆಗೆ ಸುಮಾರು 21 ಸಿಸೇರಿಯನ್. ಸರ್ಕಾರಿ ಆಸ್ಪತ್ರೆಗಳಲ್ಲಿ 14, ಖಾಸಗಿಯಲ್ಲಿ 47. ನಾವು ನೆಲೆಸಿರುವ ರಾಜ್ಯಗಳನ್ನು ನೋಡಿ. ತೆಲಂಗಾಣದಲ್ಲಿ 60ಕ್ಕೂ ಹೆಚ್ಚು, ತಮಿಳುನಾಡಿನಲ್ಲಿ 45ರ ಹತ್ತಿರ, ಮಹಾರಾಷ್ಟ್ರದಲ್ಲಿ 25, ದೆಹಲಿಯಲ್ಲಿ ಸುಮಾರು 24. ನಮ್ಮ ಕರ್ನಾಟಕದಲ್ಲಿ 31. ಹೈದರಾಬಾದಿನ ಕನ್ನಡತಿಯ ಮೈ, ದೆಹಲಿಯ ಕನ್ನಡತಿಯ ಮೈ ಬೇರೆ ಬೇರೆಯೇ? ಅಲ್ಲ. ವ್ಯವಸ್ಥೆ ಬೇರೆ, ಅಭ್ಯಾಸ ಬೇರೆ.

ಹಾಗೆಂದು ಸಿಸೇರಿಯನ್ ಶತ್ರುವಲ್ಲ. ಮಗುವಿನ ಎದೆಬಡಿತ ಬಿದ್ದಾಗ, ತಲೆ ಸಿಕ್ಕಿಕೊಂಡಾಗ, ಅದು ದೇವರು ಕೊಟ್ಟ ದಾರಿ. ನನ್ನ ಮಗಳು ಹುಟ್ಟಿದ್ದೂ ಸಿಸೇರಿಯನ್‌ನಿಂದಲೇ. ನನ್ನ ಅಭಿಪ್ರಾಯ ಇಷ್ಟು: ನೋವು ಶುರುವಾದ ಮೇಲೆ "ಈಗ ಆಪರೇಷನ್ ಬೇಕು" ಎಂದರೆ, ಅದಕ್ಕೆ ಕಾರಣ ಹಾಳೆಯ ಮೇಲೆ ಕಾಣಬೇಕು. "ಇನ್ನೂ ಕಾಯೋಣ" ಎಂದರೂ, ಕಾಯಬಹುದು ಎಂಬುದಕ್ಕೆ ಕಾರಣ ಅದೇ ಹಾಳೆಯ ಮೇಲೆ ಕಾಣಬೇಕು. ಒಳ್ಳೆಯ ಡಾಕ್ಟರಿಗೆ ಈ ಹಾಳೆ ರಕ್ಷಾಕವಚ. ನೀವು ಕೇಳಿದರೆ ಅವರು ಸಿಟ್ಟಾಗುವುದಿಲ್ಲ, ತೋರಿಸುತ್ತಾರೆ.

ಮನೆಯವರ ತಪ್ಪೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಬೆಳಗ್ಗೆ ಸಣ್ಣ ನೋವಿಗೆ ಸೇರಿಸಿ, ಮಧ್ಯಾಹ್ನಕ್ಕೆ "ಇನ್ನೂ ಆಗಿಲ್ಲವೇ" ಎಂದು ಕೂಗಾಡುವವರು ನಾವೇ. ಪಂಚಾಂಗ ನೋಡಿ ನಕ್ಷತ್ರ ಹೇಳುವವರೂ ನಾವೇ. ಚೊಚ್ಚಲಿಗೆ ಮೊದಲ ಹಂತದ ಸಣ್ಣ ನೋವು ಒಂದು ದಿನಕ್ಕಿಂತ ಹೆಚ್ಚು ಎಳೆದರೂ ತಾಯಿ ಮಗು ಚೆನ್ನಾಗಿರಬಹುದು. ಆ ಹೊತ್ತಿನಲ್ಲಿ ಬೇಕಾದದ್ದು ತಾಳ್ಮೆ ಮತ್ತು ಸರಿಯಾದ ನಿಗಾ.

*ಊರು ಬಿಟ್ಟು ಬಂದವರಿಗೆ ವಿಶೇಷ ಮಾತು*

ನಮ್ಮವರಲ್ಲಿ ಚೊಚ್ಚಲ ಹೆರಿಗೆ ತವರುಮನೆಯಲ್ಲಿ. ಒಳ್ಳೆಯ ಪದ್ಧತಿ. ಆದರೆ ಎಂಟು ತಿಂಗಳು ಪುಣೆಯಲ್ಲಿ ತೋರಿಸಿ, ಒಂಬತ್ತನೇ ತಿಂಗಳಲ್ಲಿ ಬಸ್ಸು ಹತ್ತಿ ವಿಜಯಪುರಕ್ಕೋ ಉಡುಪಿಗೋ ಹೋಗುತ್ತಾರೆ. ಫೈಲು ಪುಣೆಯ ಕಪಾಟಿನಲ್ಲೇ ಉಳಿಯುತ್ತದೆ. ಅಲ್ಲಿಯ ಡಾಕ್ಟರಿಗೆ ಈಕೆ ಹೊಸಬಳು. ದಯವಿಟ್ಟು ಸ್ಕ್ಯಾನ್, ರಕ್ತಪರೀಕ್ಷೆ, ತಾಯಿ ಕಾರ್ಡ್ ಎಲ್ಲವನ್ನೂ ಒಂದು ಚೀಲದಲ್ಲಿಟ್ಟು ಕೈಯಲ್ಲೇ ಒಯ್ಯಿರಿ. ಪ್ರತಿ ಪುಟದ ಫೋಟೋ ತೆಗೆದು ಗಂಡ, ತಾಯಿ ಇಬ್ಬರ ಫೋನಿನಲ್ಲೂ ಇಡಿ. ಹೆರಿಗೆಗೆ ತಿಂಗಳು ಮೊದಲೇ ಆ ಆಸ್ಪತ್ರೆಗೆ ಒಮ್ಮೆ ತೋರಿಸಿ.

ಇಲ್ಲೇ ಹೆರಿಗೆ ಮಾಡಿಸುವವರಿಗೆ ಭಾಷೆಯೇ ಮೊದಲ ತೊಡಕು. ಹತ್ತು ವರ್ಷದಿಂದ ಚೆನ್ನೈಯಲ್ಲಿದ್ದು ಸೊಗಸಾಗಿ ತಮಿಳು ಮಾತಾಡುವ ಹೆಣ್ಣುಮಗಳೂ ನೋವಿನಲ್ಲಿ ಕನ್ನಡದಲ್ಲೇ ಕೂಗುತ್ತಾಳೆ. ಮಾತು ತಿಳಿದವರೊಬ್ಬರು ಪಕ್ಕದಲ್ಲಿ ಇರಬೇಕು. ಇದು ಉಪಕಾರವಲ್ಲ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬರು ಇರಬಹುದು ಎಂದು ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿದೆ. ಸಾಮಾನ್ಯವಾಗಿ ಹೆತ್ತು ಅನುಭವವಿರುವ ಹೆಂಗಸು, ಮರೆಗೆ ಅನುಕೂಲ ಇರುವಲ್ಲಿ ಗಂಡ. ಜೊತೆಗೆ ಒಬ್ಬರು ಸದಾ ಇದ್ದರೆ ಹೆರಿಗೆ ಸ್ವಲ್ಪ ಬೇಗ ಆಗುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ ಎಂದು 15,000ಕ್ಕೂ ಹೆಚ್ಚು ಮಹಿಳೆಯರ ಅಧ್ಯಯನಗಳನ್ನು ಸೇರಿಸಿ ನೋಡಿದಾಗ ತಿಳಿದಿದೆ.

ಜೊತೆಗೆ ಇರುವವರಿಗೆ ಈ ಒಂದು ವಾಕ್ಯವಾದರೂ ಬಾಯಿಪಾಠ ಇರಲಿ, "ಉಸಿರಾಡಲು ಕಷ್ಟವಾಗುತ್ತಿದೆ":

ಹಿಂದಿ: ಸಾಂಸ್ ಲೇನೇ ಮೇಂ ತಕಲೀಫ್ ಹೋ ರಹೀ ಹೈ.
ಮರಾಠಿ: ಶ್ವಾಸ್ ಘ್ಯಾಯಲಾ ತ್ರಾಸ್ ಹೋತೋಯ್.
ತಮಿಳು: ಮೂಚ್ಚು ವಿಡ ಕಷ್ಟಮಾ ಇರುಕ್ಕು.
ತೆಲುಗು: ಊಪಿರಿ ಆಡಟಂ ಲೇದು.

*ಏನು ಕೇಳಬೇಕು, ಹೇಗೆ ಕೇಳಬೇಕು*

ಜಗಳದ ದನಿಯಲ್ಲಿ ಬೇಡ. ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಾ ಕೇಳುವುದು ಬೇಡವೇ ಬೇಡ. ಸಿಸ್ಟರ್ ಬಳಿ ನಿಂತು ಶಾಂತವಾಗಿ ಕೇಳಿ:

1. ಪಾರ್ಟೋಗ್ರಾಫ್ ಶುರು ಮಾಡಿದ್ದೀರಾ? ಈಗ ಎಷ್ಟು ಸೆಂಟಿಮೀಟರ್? ಮುಂದಿನ ಪರೀಕ್ಷೆ ಎಷ್ಟು ಗಂಟೆಗೆ?

2. ಮಗುವಿನ ಎದೆಬಡಿತ ಈಗಷ್ಟೇ ಎಷ್ಟಿತ್ತು?

3. ತಾಯಿಯ ನಾಡಿ, ಬಿ.ಪಿ. ಎಷ್ಟಿದೆ? ಹಿಂದಿನ ಸಲಕ್ಕಿಂತ ಹೆಚ್ಚಿದೆಯೇ?

4. ಡ್ರಿಪ್ಪಿನಲ್ಲಿ ನೋವು ಬರಿಸುವ ಔಷಧ ಇದೆಯೇ? ಯಾಕೆ ಬೇಕಾಯಿತು?

5. ಡ್ಯೂಟಿ ಬದಲಾದಾಗ: ಹೊಸ ಸಿಸ್ಟರಿಗೆ ಹಾಳೆ ತೋರಿಸಿ ಹೇಳಿದಿರಾ?

ಈ ಐದು ಪ್ರಶ್ನೆ ಕೇಳುವವರು ಬಾಗಿಲಲ್ಲಿ ಇದ್ದಾರೆ ಎಂದು ಗೊತ್ತಾದರೆ ಸಾಕು, ಹಾಳೆ ಹೊತ್ತಿಗೆ ಸರಿಯಾಗಿ ತುಂಬುತ್ತದೆ. ಹೆರಿಗೆಯ ನಂತರ ದಾಖಲೆಯ ಪ್ರತಿ ಬೇಕಾದರೆ ಬರೆದು ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ ನಡವಳಿಕೆಯ 2002ರ ನಿಯಮಾವಳಿಯಲ್ಲೇ ಇದೆ.

*ಮಗು ಹುಟ್ಟಿತು ಎಂದು ಎಲ್ಲರೂ ಹೊರಡಬೇಡಿ*

ಹೃದಯದ ಡಾಕ್ಟರಾಗಿ ನನ್ನ ದೊಡ್ಡ ಮನವಿ ಇದು. ಮಗು ಅತ್ತ ಕೂಡಲೇ ಎಲ್ಲರ ಕಣ್ಣು ಮಗುವಿನ ಮೇಲೆ. ಪೇಡಾ ಹಂಚುವುದು, ವಿಡಿಯೋ ಕಾಲ್. ತಾಯಿಯ ಹೃದಯಕ್ಕೆ ಅತಿ ಹೆಚ್ಚು ಕೆಲಸ ಬೀಳುವುದು ಆ ಹೊತ್ತಿನಲ್ಲೇ. ಬಸುರಿಯಲ್ಲಿ ಹೃದಯ ಮೊದಲೇ ಮಾಮೂಲಿಗಿಂತ ನೂರಕ್ಕೆ ಮೂವತ್ತರಿಂದ ಐವತ್ತು ಪಾಲು ಹೆಚ್ಚು ರಕ್ತ ಪಂಪ್ ಮಾಡುತ್ತಿರುತ್ತದೆ, ಹೆರಿಗೆಯಾದ ಕೂಡಲೇ ಅದು ಇನ್ನೂ ಏರುತ್ತದೆ. ಅತಿಯಾದ ರಕ್ತಸ್ರಾವ ಆಗುವುದೂ ಹೆಚ್ಚಾಗಿ ಮೊದಲ ಕೆಲವು ಗಂಟೆಗಳಲ್ಲೇ. ಆದ್ದರಿಂದ ಮೊದಲ 24 ಗಂಟೆ ಒಬ್ಬರು ತಾಯಿಯನ್ನೇ ನೋಡುತ್ತಿರಬೇಕು. ಕೆಳಗಿನ ಯಾವುದೇ ಒಂದು ಕಂಡರೂ ತಕ್ಷಣ ಕರೆಯಿರಿ:

• ಮಲಗಿದರೆ ಉಸಿರು ಕಟ್ಟುವುದು, ಎದ್ದು ಕೂತರೆ ಸ್ವಲ್ಪ ವಾಸಿ.
• ಪ್ಯಾಡ್ ಮೇಲೆ ಪ್ಯಾಡ್ ತೊಯ್ದು ಹೋಗುವುದು, ತಲೆ ತಿರುಗುವುದು.
• ತೀವ್ರ ತಲೆನೋವು, ಕಣ್ಣು ಮಂಜಾಗುವುದು.
• ನಾಡಿಯ ಸಂಖ್ಯೆ ಬಿ.ಪಿ.ಯ ಮೇಲಿನ ಸಂಖ್ಯೆಯ ಹತ್ತಿರ ಬರುವುದು ಅಥವಾ ದಾಟುವುದು. ಉದಾಹರಣೆಗೆ ನಾಡಿ 110, ಬಿ.ಪಿ. 100. ಒಳಗೆ ರಕ್ತ ಹೋಗುತ್ತಿರಬಹುದು.

ಮನೆಗೆ ಬಂದ ಮೇಲೂ ವಾರಗಟ್ಟಲೆ ಇದೇ ಎಚ್ಚರ ಇರಲಿ. ಬಾಣಂತಿಗೆ ಕಾಲು ಊತ, ದಮ್ಮು ಬಂದರೆ "ಬಾಣಂತನದಲ್ಲಿ ಹೀಗೇ" ಎಂದು ಸುಮ್ಮನಾಗಬೇಡಿ. ಹೆರಿಗೆಯ ನಂತರ ಹೃದಯದ ಸ್ನಾಯು ದುರ್ಬಲವಾಗುವ ಕಾಯಿಲೆ ಇದೆ, ಬೇಗ ಹಿಡಿದರೆ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ.

*ಕೊನೆಯದಾಗಿ*

ನರ್ಸುಗಳ ಮೇಲೆ ಸಿಟ್ಟು ಮಾಡಬೇಡಿ. ಆರು ಮಂದಿಗೆ ಒಬ್ಬರನ್ನು ಬಿಟ್ಟು, ಹಾಳೆ ಯಾಕೆ ತುಂಬಿಲ್ಲ ಎಂದು ಕೇಳುವುದು ನ್ಯಾಯವಲ್ಲ. ಆ ರಾತ್ರಿ 84 ಎಂದು ಹದಿನೆಂಟು ಸಲ ಬರೆದ ಕೈ ಸೋಮಾರಿಯ ಕೈ ಅಲ್ಲ, ದಣಿದ ಕೈ. ಸಿಟ್ಟು ಇರಬೇಕಾದದ್ದು ಸಿಬ್ಬಂದಿ ನೇಮಿಸದ ಆಡಳಿತದ ಮೇಲೆ. ಆಸ್ಪತ್ರೆ ಆರಿಸುವಾಗ ಎ.ಸಿ. ರೂಮಿನ ಬಾಡಿಗೆ ಕೇಳುತ್ತೇವೆ. ರಾತ್ರಿ ಹೆರಿಗೆ ಕೋಣೆಯಲ್ಲಿ ಎಷ್ಟು ಸಿಸ್ಟರ್ ಇರುತ್ತಾರೆ ಎಂದೂ ಕೇಳೋಣ.

ಗರ್ಭಿಣಿಯರಿಗೆ ಒಂದು ಮಾತು. ಚಿಕ್ಕಂದಿನಲ್ಲಿ ಕೀಲು ಊದಿ ಜ್ವರ ಬಂದಿದ್ದರೆ, ಮೆಟ್ಟಿಲು ಹತ್ತಿದರೆ ಇತರರಿಗಿಂತ ಹೆಚ್ಚು ಏದುಸಿರು ಬರುತ್ತಿದ್ದರೆ, ಮೊದಲ ತಿಂಗಳುಗಳಲ್ಲೇ ಹೃದಯದ ಎಕೋ ಪರೀಕ್ಷೆ ಮಾಡಿಸಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಡಾಕ್ಟರಿಂದ ಉಚಿತ ತಪಾಸಣೆ ಇದೆ, ಯಾವ ರಾಜ್ಯದವರಾದರೂ ಹೋಗಬಹುದು.

ಆ ಹುಡುಗಿ ಈಗಲೂ ವರ್ಷಕ್ಕೊಮ್ಮೆ ತೋರಿಸಲು ಬರುತ್ತಾಳೆ, ಮಗನನ್ನೂ ಕರೆತರುತ್ತಾಳೆ. ಹೋದ ಸಲ ಬಂದಾಗ ಅವಳ ನಾದಿನಿ ಬಸುರಿ. "ನಾ ಹೋಗಿ ಹಾಳಿ ಕೇಳ್ತೀನ್ರೀ ಸಾಹೇಬ್ರ, ನಾ ಬಿಡಂಗಿಲ್ಲ" ಎಂದಳು.

ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ, ಕೆಲಸಕ್ಕೆ ಬರುವ ನಮ್ಮೂರ ಹೆಣ್ಣುಮಕ್ಕಳಲ್ಲಿ ಯಾರಾದರೂ ಬಸುರಿಯರಿದ್ದರೆ ಇದನ್ನು ಕಳುಹಿಸಿ. ಓದಲು ಬಾರದವರಿಗೆ ಓದಿ ಹೇಳಿ. ಆ ಐದು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದು ಆಸ್ಪತ್ರೆಯ ಚೀಲದಲ್ಲಿ ಇಟ್ಟುಬಿಡಿ.

ನಿಮ್ಮ,
ಹೃದ್ರೋಗ ತಜ್ಞ, ಎಂ.ಡಿ., ಮುಂಬೈ

(ಇದು ಸಾಮಾನ್ಯ ತಿಳುವಳಿಕೆಗೆ ಬರೆದದ್ದು. ನಿಮ್ಮ ಹೆರಿಗೆಯ ನಿರ್ಧಾರಗಳನ್ನು ನಿಮ್ಮನ್ನು ನೋಡುತ್ತಿರುವ ಡಾಕ್ಟರ ಜೊತೆ ಮಾತಾಡಿಯೇ ತೆಗೆದುಕೊಳ್ಳಿ.)